ಹೆಚ್ಚುವರಿ ಸಂಬಳ ವಸೂಲಿ: ಹರಿದಾಡುತ್ತಿರುವ ಸಂದೇಶ ಸರಿಯಲ್ಲ

‘ಬಡ್ತಿಯ ದಿನಾಂಕ ತಪ್ಪಾಗಿ ನಮೂದಾಗಿ ಸೈನಿಕರಿಗೆ ಹೆಚ್ಚು ಸಂಬಳ ಬಂದಿದ್ದರೆ, ತಪ್ಪು ಕಚೇರಿಯದ್ದೇ ಆದ್ದರಿಂದ ಒಂದು ರೂಪಾಯಿಯನ್ನೂ ಮರಳಿ ಕೇಳುವಂತಿಲ್ಲ, ಸುಪ್ರೀಂ ಕೋರ್ಟ್ ಆದೇಶವಿದೆ’ ಎಂಬ ಸಂದೇಶ ಮಾಜಿ ಸೈನಿಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಆದೇಶವಿರುವುದು ನಿಜ. ಅದು ಹೀಗೆ ಹೇಳಿಲ್ಲ.

2014ರ ಡಿಸೆಂಬರ್‌ನಲ್ಲಿ ರಫೀಕ್ ಮಸೀಹ್ ಪ್ರಕರಣದಲ್ಲಿ ನ್ಯಾಯಾಲಯ ವಸೂಲಿಗೆ ತಡೆಯಿರುವ ಸಂದರ್ಭಗಳನ್ನು ಗುರುತಿಸಿತು: ಕೆಳಹಂತದ ನೌಕರರು, ನಿವೃತ್ತರು ಅಥವಾ ಒಂದು ವರ್ಷದೊಳಗೆ ನಿವೃತ್ತರಾಗುವವರು, ವಸೂಲಿ ಆದೇಶಕ್ಕೆ ಮುಂಚೆ 5 ವರ್ಷಕ್ಕೂ ಹೆಚ್ಚು ಕಾಲ ಸಂದಾಯವಾದ ಮೊತ್ತ, ತಪ್ಪಾಗಿ ಮೇಲಿನ ಹುದ್ದೆಯ ಕೆಲಸ ಮಾಡಿಸಿಕೊಂಡು ಕೊಟ್ಟ ವೇತನ, ಮತ್ತು ವಸೂಲಿ ತೀರಾ ಕಠೋರವೆನಿಸುವ ಪ್ರಕರಣಗಳು. ಅಂದರೆ ಸೇವೆಯಲ್ಲಿರುವ ಅಧಿಕಾರಿಯೊಬ್ಬರಿಗೆ ಕಳೆದ ವರ್ಷ ಹೆಚ್ಚು ಹಣ ಬಂದಿದ್ದರೆ ಈ ರಕ್ಷಣೆ ತಾನಾಗಿ ಸಿಗುವುದಿಲ್ಲ.

ಸಂದೇಶ ಬಿಟ್ಟಿರುವ ಮುಖ್ಯ ಸಂಗತಿ ಮುಚ್ಚಳಿಕೆಯದು. ‘ಹೆಚ್ಚು ಬಂದರೆ ಮರಳಿಸುತ್ತೇನೆ’ ಎಂದು ಬರೆದುಕೊಟ್ಟವರು ಅದಕ್ಕೆ ಬದ್ಧರು ಎಂದು 2016ರ ಜಗದೇವ್ ಸಿಂಗ್ ತೀರ್ಪು ಹೇಳುತ್ತದೆ. ಸಿಂಗ್ ನಿವೃತ್ತರಾಗಿದ್ದರೂ ವಸೂಲಿಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ವೇತನ ನಿಗದಿಯ ವೇಳೆ ಇಂಥ ಕಾಗದಕ್ಕೆ ಓದದೆಯೇ ಸಹಿ ಹಾಕುವುದು ನಮ್ಮಲ್ಲಿ ಮಾಮೂಲಿ.

ಸೇನಾ ವೈದ್ಯಾಧಿಕಾರಿಗಳ ಪಿಂಚಣಿಗೆ ಸಂಬಂಧಿಸಿದ 2006ರ ಕರ್ನಲ್ ಅಕ್ಕರ ಪ್ರಕರಣದಲ್ಲಿ ನಿವೃತ್ತರಿಂದ ವಸೂಲಿ ಬೇಡವೆಂದ ನ್ಯಾಯಾಲಯ, ಅದು ನೌಕರರ ಹಕ್ಕಲ್ಲ, ಕಷ್ಟ ತಪ್ಪಿಸಲು ನೀಡುವ ವಿನಾಯಿತಿ ಎಂದೂ ಸ್ಪಷ್ಟಪಡಿಸಿತ್ತು.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ. ನೋಟಿಸ್ ಬಂದವರು ಅದನ್ನು ನಂಬಿ ಸುಮ್ಮನಿರದೆ, ಮುಚ್ಚಳಿಕೆಯ ಪ್ರತಿ ತೆಗೆಸಿ ನೋಡಿ, ಗಡುವಿನೊಳಗೆ ಲಿಖಿತ ಉತ್ತರ ಕೊಡಿ.