ನಾಯಿ ಜೊತೆಗಿದ್ದರೆ ಮಾತ್ರ

ಮುಂಬಯಿಯ ಮುಲುಂಡ್‌ನಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಗೆ ಇಪ್ಪತ್ತೆರಡು ಮಹಡಿ, ಮೂರು ಲಿಫ್ಟು. ಎರಡರಲ್ಲಿ ಕನ್ನಡಿ, ಫ್ಯಾನು, ಸಣ್ಣಗೆ ಸಂತೂರ್ ವಾದನ. ಮೂರನೆಯದರಲ್ಲಿ ಗೋಡೆಗೆ ಪ್ಲೈವುಡ್ಡು, ನೆಲಕ್ಕೆ ಗೋಣಿತಾಟು, ಯಾವತ್ತೂ ಆರದ ಮೀನುನೀರಿನ ವಾಸನೆ. ಅದರ ಪಕ್ಕದ ಬೋರ್ಡು: 'ಮನೆಗೆಲಸದವರು, ಡೆಲಿವರಿ ಹುಡುಗರು, ಸಾಮಾನು, ಸಾಕುಪ್ರಾಣಿ'. ಇವೆಲ್ಲ ಒಂದೇ ಜಾತಿ ಎಂದು ವಾರ್ಷಿಕ ಸಭೆ ಸರ್ವಾನುಮತದಿಂದ ತೀರ್ಮಾನಿಸಿತ್ತು. ಎತ್ತಿದ ಕೈಗಳಲ್ಲಿ ನನ್ನದೂ ಒಂದು. ಸಭೆ ಮುಗಿದರೆ ಬಟಾಟೆವಡೆ ಇತ್ತು.

ತಕರಾರು ತೆಗೆದವರು ನಾಯಿ ಸಾಕಿದವರು. "ನಮ್ಮ ಬ್ರೂನೋ ಆ ಡಬ್ಬದಲ್ಲಿ ಹೋಗಬೇಕಾ?" ಅವರ ಕೈಯಲ್ಲಿ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸುತ್ತೋಲೆ, ಸಾಕುಪ್ರಾಣಿಗೆ ಲಿಫ್ಟು ನಿರಾಕರಿಸುವಂತಿಲ್ಲ. ಕಮಿಟಿ ಬಾಲ ಮಡಚಿತು. ಬೋರ್ಡಿನ ಕೊನೆಯ ಪದಕ್ಕೆ ಬಿಳಿ ಪೇಂಟು ಬಿತ್ತು. ಮನೆಗೆಲಸದವರಿಗೂ ಮಹಾರಾಷ್ಟ್ರದಲ್ಲಿ 2008ರ ಕಲ್ಯಾಣ ಮಂಡಳಿ ಕಾಯ್ದೆ ಇದೆ. ಅದರಲ್ಲಿ ನೋಂದಣಿ ಇದೆ, ನಿಧಿ ಇದೆ, ಲಿಫ್ಟಿನ ಸುದ್ದಿ ಇಲ್ಲ.

ಬ್ರೂನೋನನ್ನು ತಿರುಗಾಡಿಸುವವರು ಯಾದಗಿರಿ ಕಡೆಯ ಒಬ್ಬ ಅಕ್ಕ. ಗೇಟಿನ ಆಪ್‌ನಲ್ಲಿ ಬ್ರೂನೋಗೆ ಹೆಸರು, ಫೋಟೊ, ಲಸಿಕೆಯ ತಾರೀಖು ಎಲ್ಲ ಉಂಟು. ಅಕ್ಕ ಅಲ್ಲಿ ಬರೀ '1203ರ ಬಾಯಿ', ಅಂದರೆ 1203ನೇ ಮನೆಯ ಕೆಲಸದಾಕೆ. ಪೇಂಟು ಒಣಗಿದ ಮರುದಿನ ನಾಯಿಯ ಹಗ್ಗ ಹಿಡಿದು ಕನ್ನಡಿ ಲಿಫ್ಟಿನಲ್ಲಿ ಇಳಿದರು. ವಾಚ್‌ಮನ್ ಅಡ್ಡ ಬಂದ. ಅವನಿಗೆ ಹಿಂದಿಯಲ್ಲಿ ಏನೋ ಹೇಳಿ, ನನ್ನ ಕಡೆ ತಿರುಗಿ, "ನಾಯಿ ತಾನ ಗುಂಡಿ ಒತ್ತತೈತೇನ್ರಿ ಅಣ್ಣಾರ?" ಎಂದರು.

ಕಮಿಟಿ ಮತ್ತೆ ಕೂತಿತು. ಹೊಸ ನಿಯಮ: ನಾಯಿ ಜೊತೆಗಿದ್ದರೆ ಕನ್ನಡಿ ಲಿಫ್ಟು, ನಾಯಿಯನ್ನು ಮನೆಗೆ ಬಿಟ್ಟಮೇಲೆ ಗೋಣಿತಾಟು.

ನಮ್ಮ ಚೇರ್ಮನ್ನರೂ ಕನ್ನಡಿಗರೇ. ಅವರ ತಂದೆ ಕುಂದಾಪುರದಿಂದ ಬಂದು ಮುಂಬಯಿಯ ಕೋಟೆ (ಫೋರ್ಟ್) ಭಾಗದ ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿಶಾಲೆಯಲ್ಲಿ ಕಲಿತು, ಅದೇ ಟೇಬಲಿನ ಮೇಲೆ ಮಲಗಿ ಮೇಲೆ ಬಂದವರು. ಮೇಲೆ ಯಾವ ಲಿಫ್ಟಿನಲ್ಲಿ ಬಂದರೋ ಕೇಳಬಾರದು. ರಾಜ್ಯೋತ್ಸವದಲ್ಲಿ ಚೇರ್ಮನ್ನರು ಇದನ್ನು ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. ನಾವೂ ಒರೆಸಿಕೊಳ್ಳುತ್ತೇವೆ.

ಮುಂಬಯಿಗೆ ಇದು ಹೊಸತಲ್ಲ. ಗಿರ್‌ಗಾಂವ್ ಕಡೆ ಹಳೆ ಕಟ್ಟಡಗಳ ಬೆನ್ನಿಗೆ ಸುರುಳಿ ಸುರುಳಿ ಕಬ್ಬಿಣದ ಮೆಟ್ಟಿಲಿವೆ. ಪಾಯಖಾನೆ ತೊಳೆಯುವವರು ಮನೆಯವರ ಕಣ್ಣಿಗೆ ಬೀಳದೆ ಹತ್ತಿಳಿಯಲಿ ಎಂದು. ನಮ್ಮದು ಅದಕ್ಕೇ ಕರೆಂಟು ಕೊಟ್ಟದ್ದು. ಮಹಾಡ್ ಇಲ್ಲಿಂದ ದೂರವೂ ಅಲ್ಲ. ಅಲ್ಲಿನ ಚವದಾರ್ ಕೆರೆಯಲ್ಲಿ ದನ, ನಾಯಿ ನೀರು ಕುಡಿದರೆ ಯಾರದೂ ತಕರಾರಿರಲಿಲ್ಲ. ಎಲ್ಲರಿಗೂ ಕೆರೆ ಮುಕ್ತ ಎಂದು ಪುರಸಭೆ 1924ರಲ್ಲೇ ಗೊತ್ತುವಳಿ ಮಾಡಿತ್ತು, ಕಾಗದದಲ್ಲಿ. 1927ರ ಮಾರ್ಚ್ 20ರಂದು ಅಂಬೇಡ್ಕರ್ ತಮ್ಮವರೊಂದಿಗೆ ಬೊಗಸೆಯಲ್ಲಿ ನೀರೆತ್ತಿದ ಮೇಲೆ ಊರಿನ ಸವರ್ಣೀಯರು 108 ಕೊಡ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆ 'ಶುದ್ಧ' ಮಾಡಿದರು. ನೀರಿನ ಹಕ್ಕು ಹೈಕೋರ್ಟಿನಲ್ಲಿ ಗೆದ್ದದ್ದು 1937ರಲ್ಲಿ. ಕಾಲ ಬದಲಾಗಿದೆ ಬಿಡಿ, ನಮ್ಮಲ್ಲಿ ಸಗಣಿ ಯಾರೂ ಮುಟ್ಟುವುದಿಲ್ಲ. ಮಲ್ಲಿಗೆ ಪರಿಮಳದ ಸ್ಪ್ರೇ ಸಾಕಾಗುತ್ತದೆ.

ಹೋದ ತಿಂಗಳು ಮೂರನೇ ಲಿಫ್ಟು ಕೆಟ್ಟು ನಿಂತಿತು. ಮೆಟ್ಟಿಲು ಹತ್ತಿ ಎಂದು ಸೆಕ್ರೆಟರಿ ವಾಟ್ಸಾಪ್ ಹಾಕಿದರು. ಮರುದಿನ ಬೆಳಿಗ್ಗೆ ಏಳಕ್ಕೆ ಕನ್ನಡಿ ಲಿಫ್ಟಿನ ಬಾಗಿಲು ತೆರೆದರೆ ಒಳಗೆ ಒಂಬತ್ತು ಹೆಂಗಸರು, ಒಬ್ಬ ಬ್ರೂನೋ. ಹಗ್ಗಕ್ಕೆ ಒಂಬತ್ತೂ ಕೈ. ಲಿಫ್ಟು ತೂಕವಲ್ಲದೆ ಬೇರೇನೂ ನೋಡುವುದಿಲ್ಲ. ಅದರ ಮಿತಿ ತಲೆಗೆ 68 ಕಿಲೋದಂತೆ 13 ಜನ, 884 ಕಿಲೋ. ಅಲಾರಂ ಬಾರಿಸಲಿಲ್ಲ. ಬ್ರೂನೋ ಒಂಬತ್ತು ಮಹಡಿಯಲ್ಲಿ ನಿಂತು ನಿಂತು, ಒಬ್ಬೊಬ್ಬರನ್ನೇ ಕೆಲಸಕ್ಕೆ ಬಿಟ್ಟು ಮನೆ ಸೇರಿದ. ಸೂಟಿನವರೊಬ್ಬರು ಕೆಳಗೆ ಕಾದು ಕಾದು ಮೆಟ್ಟಿಲು ಹತ್ತಿದರು. ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ.

ರಾತ್ರಿ ತುರ್ತು ಸಭೆ, ಈ ಸಲ ವಡೆ ಇಲ್ಲ. ಒಂದು ನಾಯಿಗೆ ಒಬ್ಬರೇ, ಎಂದು ಠರಾವು. ನಾನು ಕೈ ಎತ್ತಲಿಲ್ಲ. ಹಾಗಂತ ಬಾಯಿಯನ್ನೂ ಬಿಡಲಿಲ್ಲ.

ಬೆಳಿಗ್ಗೆ ಅಕ್ಕ ನಮ್ಮ ಮನೆ ಬೆಲ್ ಒತ್ತಿದರು. "ಅಣ್ಣಾರ, ನೀವೂ ಒಂದು ನಾಯಿ ಸಾಕ್ರಿ. ನಮಗಿನ್ನೂ ಎಂಟು ಕಡಿಮಿ ಬಿದ್ದಾವ."