ಇಪ್ಪತ್ತು ತಿದ್ದುಪಡಿಗಳ ತೋಳ

2025ರ ಏಪ್ರಿಲ್ 7ರಂದು ಅಮೆರಿಕದ ಡಲ್ಲಾಸ್ ನಗರದ ಕೊಲೊಸಲ್ ಬಯೋಸೈನ್ಸಸ್ ಎಂಬ ಕಂಪನಿಯು, ಹತ್ತು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಭೂಮಿಯಿಂದ ಅಳಿದುಹೋಗಿದ್ದ ಡೈರ್ ವುಲ್ಫ್ ಎಂಬ ದೊಡ್ಡ ತೋಳವನ್ನು ತಾನು ಮತ್ತೆ ಹುಟ್ಟಿಸಿರುವುದಾಗಿ ಪ್ರಕಟಿಸಿತು. ಮರಿಗಳು ಮೂರು. ರೊಮುಲಸ್ ಮತ್ತು ರೀಮಸ್‌ಗೆ ರೋಮ್ ನಗರದ ಪುರಾಣಪುರುಷರ ಹೆಸರಿಟ್ಟರು. ಮೂರನೆಯದಾದ ಖಲೀಸಿಗೆ ಟಿವಿ ಧಾರಾವಾಹಿಯೊಂದರ ರಾಣಿಯ ಬಿರುದನ್ನು ಕೊಟ್ಟು, ಅದೇ ಧಾರಾವಾಹಿಯ ಸಿಂಹಾಸನದ ಮೇಲೆ ಮರಿಗಳನ್ನು ಕೂರಿಸಿ ಛಾಯಾಚಿತ್ರವನ್ನೂ ತೆಗೆಸಿದರು. ಟೈಮ್ ಪತ್ರಿಕೆಯು ತನ್ನ ಮುಖಪುಟದಲ್ಲಿ ಅಳಿವು ಸೂಚಿಸುವ ಪದವನ್ನು ಮುದ್ರಿಸಿ ಅದರ ಮೇಲೊಂದು ಗೆರೆ ಎಳೆಯಿತು. ಬೇರೆ ವಿಜ್ಞಾನಿಗಳು ಪರಿಶೀಲಿಸಿ ಒಪ್ಪಿದ ಪ್ರಬಂಧವೊಂದು ಮಾತ್ರ ಆ ದಿನ ಇರಲಿಲ್ಲ. ಸಿಂಹಾಸನವೇ ಸಿಕ್ಕಿದ ಮೇಲೆ ಪ್ರಬಂಧಕ್ಕೇನು ಅವಸರ!

ಮೆಚ್ಚಬೇಕಾದದ್ದನ್ನು ಮೆಚ್ಚಿಬಿಡೋಣ. ಓಹಾಯೊದಲ್ಲಿ ಸಿಕ್ಕಿದ ಸುಮಾರು 13,000 ವರ್ಷ ಹಳೆಯ ಹಲ್ಲು ಮತ್ತು ಐಡಹೊದಲ್ಲಿ ಸಿಕ್ಕಿದ ಸುಮಾರು 72,000 ವರ್ಷ ಹಳೆಯ ತಲೆಬುರುಡೆಯಿಂದ ಡಿಎನ್ಎ ತೆಗೆದು ಓದುವುದು ಸಾಮಾನ್ಯ ಕೆಲಸವಲ್ಲ. ಆದರೆ ಓದಿದ ಮೇಲೆ ಮಾಡಿದ್ದೇನು? ಇಂದಿಗೂ ಬದುಕಿರುವ ಬೂದು ತೋಳದ ಜೀವಕೋಶವನ್ನು ತೆಗೆದುಕೊಂಡು, ಅದರ 14 ವಂಶವಾಹಿಗಳಲ್ಲಿ 20 ತಿದ್ದುಪಡಿ ಮಾಡಿ, ಸಾಕುನಾಯಿಗಳ ಗರ್ಭದಲ್ಲಿ ಬೆಳೆಸಿದರು. ಎರಡೂ ಪ್ರಾಣಿಗಳ ಡಿಎನ್ಎ ಶೇಕಡ 99.5ರಷ್ಟು ಒಂದೇ ಎಂದು ಕಂಪನಿಯೇ ಹೇಳುತ್ತದೆ. ತೋಳದ ಜೀನೋಮಿನಲ್ಲಿ, ಅಂದರೆ ಅದರ ಇಡೀ ಡಿಎನ್ಎಯಲ್ಲಿ, ಸುಮಾರು 240 ಕೋಟಿ ಅಕ್ಷರಗಳಿರುವುದರಿಂದ ಉಳಿದ ಅರ್ಧ ಶೇಕಡ ಎಂದರೆ ಸುಮಾರು 1 ಕೋಟಿ 20 ಲಕ್ಷ ವ್ಯತ್ಯಾಸಗಳಾಗುತ್ತವೆ. ಅವುಗಳಲ್ಲಿ ತಿದ್ದಿದ್ದು ಇಪ್ಪತ್ತು. ಆ ಇಪ್ಪತ್ತರಲ್ಲಿಯೂ ಡೈರ್ ವುಲ್ಫ್‌ನಿಂದ ನೇರವಾಗಿ ಎತ್ತಿಕೊಂಡದ್ದು ಹದಿನೈದು ಮಾತ್ರ. ತುಪ್ಪಳದ ಬಣ್ಣಕ್ಕೆ ಸಂಬಂಧಿಸಿದ ಮೂಲ ರೂಪಗಳನ್ನು ಬೂದು ತೋಳಕ್ಕೆ ಹಾಕಿದರೆ ಕಿವುಡು, ಕುರುಡು ಬರಬಹುದೆಂದು ಹೆದರಿ ಬೇರೆ ದಾರಿಯಿಂದ ಬಿಳುಪನ್ನು ತಂದರು. ಹೀಗೆ, ಚಿತ್ರ ನೋಡಿದ ಜಗತ್ತು ಯಾವ ಬಿಳಿ ತುಪ್ಪಳಕ್ಕೆ ಮರುಳಾಯಿತೋ ಅದು ಆ ಪುರಾತನ ತೋಳದಿಂದ ಬಂದದ್ದೇ ಅಲ್ಲ.

2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರ ಪ್ರಕಾರ ಡೈರ್ ವುಲ್ಫ್‌ನ ವಂಶವು ಸುಮಾರು 57 ಲಕ್ಷ ವರ್ಷಗಳ ಹಿಂದೆಯೇ ಬೂದು ತೋಳದ ವಂಶದಿಂದ ಕವಲೊಡೆದಿತ್ತು; ಆ ವಂಶವೃಕ್ಷದಲ್ಲಿ ಡೈರ್ ವುಲ್ಫ್‌ಗಿಂತ ನಮ್ಮ ಬಂಡೀಪುರದ ಸೀಳುನಾಯಿಯೇ ಬೂದು ತೋಳಕ್ಕೆ ಹೆಚ್ಚು ಹತ್ತಿರದ ನೆಂಟ. ಕಂಪನಿಯ ಹೊಸ ಲೆಕ್ಕ ಬೇರೆಯಿದೆ, ಇರಲಿ.

ಇಂಥ ಆಕ್ಷೇಪಣೆಗಳಿಗೆ ಕಂಪನಿಯ ಮುಖ್ಯ ವಿಜ್ಞಾನಿ ಬೆತ್ ಶಾಪಿರೊ ಅವರು ಕೊಟ್ಟ ಉತ್ತರದ ತಿರುಳು, ಒಂದು ಪ್ರಾಣಿ ನೋಡಲು ಹಾಗಿದ್ದರೆ ಅದನ್ನು ಆ ಪ್ರಭೇದವೆಂದು ಕರೆಯಬಹುದು ಎಂಬುದಾಗಿತ್ತು. ಈ ತತ್ತ್ವವನ್ನು ಕರ್ನಾಟಕ ಸರ್ಕಾರವು ತಡಮಾಡದೆ ಅಂಗೀಕರಿಸಬೇಕು. 2022ರ ಹುಲಿ ಗಣತಿಯಲ್ಲಿ ಮಧ್ಯಪ್ರದೇಶಕ್ಕೆ 785 ಹುಲಿಗಳು ಸಿಕ್ಕಿ ನಮಗೆ 563 ಮಾತ್ರ ಸಿಕ್ಕಿದ್ದರಿಂದ ನಾವು ಎರಡನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಮುಂದಿನ ಗಣತಿಯನ್ನು ದಸರೆಯ ದಿನಗಳಲ್ಲಿ ಮಂಗಳೂರಿನಲ್ಲಿ ನಡೆಸಿದರೆ ಪಟ್ಟೆ, ಬಾಲ, ಮುಖವಾಡ ಎಲ್ಲವೂ ಸರಿಯಿರುವ, ತಾಸೆಯ ಸದ್ದಿಗೆ ಹೆಜ್ಜೆ ಹಾಕುವ, ಅಕ್ಕಿಮುಡಿಯನ್ನು ಹಲ್ಲಿನಲ್ಲಿಯೇ ಎತ್ತಿ ಎಸೆಯುವ ಹುಲಿಗಳು ಬೀದಿಬೀದಿಯಲ್ಲಿ ಸಿಗುತ್ತವೆ. ಬೇಲಿಯೊಳಗೆ, ಹಾಕಿದ ಮಾಂಸ ತಿಂದುಕೊಂಡಿರುವ ರೊಮುಲಸ್‌ಗಿಂತ ಅವುಗಳ ಗಾಂಭೀರ್ಯ ಯಾವುದರಲ್ಲಿ ಕಡಿಮೆ?

2025ರ ಮೇ ತಿಂಗಳಿನಲ್ಲಿ ಅದೇ ಶಾಪಿರೊ ಅವರು ಸಂದರ್ಶನವೊಂದರಲ್ಲಿ, ಇವು ಇಪ್ಪತ್ತು ತಿದ್ದುಪಡಿಗಳಿರುವ ಬೂದು ತೋಳಗಳೇ, ನಾವು ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದೇವೆ ಎಂದರು. ಈ ಮಾತಿಗೆ ಯಾರೂ ಮುಖಪುಟ ಕೊಡಲಿಲ್ಲ.

ಅದೇ ವರ್ಷದ ಜನವರಿಯಲ್ಲಿ ಹೂಡಿಕೆದಾರರು ಈ ಕಂಪನಿಯ ಮೌಲ್ಯವನ್ನು 1,020 ಕೋಟಿ ಡಾಲರ್ ಎಂದು ಕಟ್ಟಿದ್ದರು. ದಟ್ಟ ಕೂದಲಿನ ಪುರಾತನ ಮ್ಯಾಮತ್ ಆನೆಯನ್ನು ಮರಳಿ ತರುತ್ತೇವೆಂದು ಹೊರಟವರು ಮಾರ್ಚಿನಲ್ಲಿ ಉಣ್ಣೆಯಂಥ ಕೂದಲಿನ ಇಲಿಯನ್ನು ಪ್ರದರ್ಶಿಸಿದರು. ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆಯನ್ನು ಪ್ರಯೋಗಾಲಯದಲ್ಲಿ ಇಷ್ಟು ಅಕ್ಷರಶಃ ಸಾಧಿಸಿ ತೋರಿಸಿದ ಕೀರ್ತಿಯನ್ನು ಅವರಿಂದ ಯಾರೂ ಕಸಿಯಲಾರರು.

ನಗು ನಿಲ್ಲುವುದು ವಾಷಿಂಗ್ಟನ್ನಿನಲ್ಲಿ. ವನ್ಯಜೀವಿಗಳ ಹೊಣೆ ಹೊತ್ತಿರುವ ಸಚಿವ ಡಗ್ ಬರ್ಗಮ್ ಅವರು ಮರಿಗಳ ಸುದ್ದಿ ಬಂದ ಕೂಡಲೇ ಅದನ್ನು ಸ್ವಾಗತಿಸಿ, ಪ್ರಗತಿ ತಂದದ್ದು ನಾವೀನ್ಯವೇ ಹೊರತು ಸರ್ಕಾರಿ ನಿರ್ಬಂಧಗಳಲ್ಲ ಎಂದರು. ಇಷ್ಟವಾದ ಪ್ರಭೇದವನ್ನು ಆರಿಸಿಕೊಂಡು ಕೊಲೊಸಲ್‌ಗೆ ಫೋನ್ ಮಾಡಿ ಎಂದು ತಮ್ಮ ಇಲಾಖೆಯ ನೌಕರರಿಗೆ ಹೇಳಿದರು. ಕಾಡು ಕಡಿಯಬಾರದೆಂಬ ಕಾನೂನಿಗಿಂತ, ಕಡಿದಾದ ಮೇಲೆ ಕರೆ ಮಾಡಲು ಒಂದು ಸಂಖ್ಯೆಯಿರುವುದು ಆಡಳಿತಕ್ಕೆ ಎಷ್ಟೋ ಸುಲಭ.

ಬೂದು ತೋಳದ ಅತಿ ಹಳೆಯ ಕವಲುಗಳಲ್ಲಿ ಒಂದಾದ ಭಾರತೀಯ ತೋಳವು ಯಾರ ತಿದ್ದುಪಡಿಯೂ ಇಲ್ಲದೆ ಸುಮಾರು ಮೂರು ಸಾವಿರದ ಸಂಖ್ಯೆಯಲ್ಲಿ ಉಳಿದುಕೊಂಡಿದೆ. ಕೊಪ್ಪಳ ಜಿಲ್ಲೆಯ ಬಂಕಾಪುರ ತೋಳಧಾಮದಲ್ಲಿ ಅದೇ 2025ರಲ್ಲಿ, ತೋಳದ ಹೊಟ್ಟೆಯಲ್ಲಿಯೇ, ಎಂಟು ಮರಿಗಳು ಹುಟ್ಟಿದವು. ಅವುಗಳಿಗೆ ಬೇಕಾದದ್ದು ಕುರುಚಲು ಕಾಡು, ಹುಲ್ಲುಗಾವಲು ಮತ್ತು ಕುರಿ ಕಳೆದುಕೊಂಡ ಕುರಿಗಾಹಿಗೆ ತಡವಿಲ್ಲದೆ ಕೈಸೇರುವ ಪರಿಹಾರಧನ. ಆದರೆ ಅವು ಇನ್ನೂ ಅಳಿದಿಲ್ಲವಾದ ಕಾರಣ, ಪ್ರಸ್ತುತ ಯೋಜನೆಯ ಫಲಾನುಭವಿಗಳಾಗಲು ಸದ್ಯಕ್ಕೆ ಅರ್ಹವಾಗಿರುವುದಿಲ್ಲ.