ಆಫೀಸಿಗೆ ಮೆಕ್ಯಾನಿಕಲ್ ಕೀಬೋರ್ಡ್: ಮೊದಲು ಪಕ್ಕದವರ ಕಿವಿ, ಆಮೇಲೆ ನಮ್ಮ ಕಿರುಬೆರಳು

ಮೆಕ್ಯಾನಿಕಲ್ ಕೀಬೋರ್ಡ್ ಅಂದರೆ ಗೇಮ್ ಆಡುವ ಹುಡುಗರಿಗೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅದು ಟೈಪ್ ಮಾಡಿ ದುಡಿಯುವವರಿಗೆ ಬೇಕಾದ ವಸ್ತು. ಡಿಟಿಪಿ ಸೆಂಟರ್‌ನಲ್ಲಿ ಕೂರುವವರು, ವಕೀಲರ ಆಫೀಸಿನ ಟೈಪಿಸ್ಟ್‌ಗಳು, ನಾಡಕಚೇರಿಯ ಆಪರೇಟರ್‌ಗಳು, ಪತ್ರಿಕೆಯ ಡೆಸ್ಕಿನವರು, ಅನುವಾದ ಮಾಡುವವರು, ದಿನಾ ಟ್ಯಾಲಿಯಲ್ಲಿ ಎಂಟ್ರಿ ಹಾಕುವವರು. ಇವರ ಬೆರಳುಗಳು ಬೆಳಿಗ್ಗೆ ಕೂತಾಗಿನಿಂದ ಸಂಜೆ ಏಳುವವರೆಗೆ ಅದೇ ಪ್ಲಾಸ್ಟಿಕ್ ಮೇಲೆ ಇರುತ್ತವೆ. ಆದರೂ ಆಫೀಸಿನವರು ಕುರ್ಚಿಗೆ ದುಡ್ಡು ಹಾಕುತ್ತಾರೆ, ದೊಡ್ಡ ಮಾನಿಟರ್‌ಗೆ ಹಾಕುತ್ತಾರೆ, ಕೀಬೋರ್ಡ್ ವಿಷಯ ಬಂದಾಗ ಮಾತ್ರ ಕಂಪ್ಯೂಟರ್ ಜೊತೆ ಬಂದದ್ದೇ ಸಾಕು ಅನ್ನುತ್ತಾರೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ನಾನು ದಿನವಿಡೀ ಕನ್ನಡ, ಇಂಗ್ಲಿಷ್ ಎರಡನ್ನೂ ಟೈಪ್ ಮಾಡುವ ಕೆಲಸದಲ್ಲಿದ್ದೇನೆ. ಯಾವುದು ತಗೊಳ್ಳಲಿ ಎಂದು ಗೆಳೆಯರು ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಇಲ್ಲೇ ಎಲ್ಲಾ ಹೇಳಿಬಿಡುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಒಳಗೇನಿದೆ ಅಂತ ನೋಡೋಣ. ಸಾಮಾನ್ಯ ಕೀಬೋರ್ಡಿನೊಳಗೆ ಕೀಗಳ ಅಡಿಗೆ ಒಂದು ರಬ್ಬರ್ ಹಾಳೆ ಹಾಸಿರುತ್ತಾರೆ. ಕೀ ಒತ್ತಿದರೆ ಅದರ ಕೆಳಗಿನ ರಬ್ಬರ್ ಗುಬುಟು ಕುಸಿದು, ಅಡಿಯಲ್ಲಿರುವ ಎರಡು ತೆಳು ಪದರಗಳು ಒಂದಕ್ಕೊಂದು ತಾಗುತ್ತವೆ, ಆಗ ಅಕ್ಷರ ಬೀಳುತ್ತದೆ. ಅಂದರೆ ಪ್ರತಿ ಅಕ್ಷರಕ್ಕೂ ತಳ ಮುಟ್ಟುವವರೆಗೆ ಒತ್ತಲೇಬೇಕು. ಹೊಸದರಲ್ಲಿ ಪರವಾಗಿಲ್ಲ. ರಬ್ಬರ್ ಹಳೆಯದಾಗುತ್ತಾ ಹೋದ ಹಾಗೆ ಒಂದು ಕೀ ಗಟ್ಟಿ, ಒಂದು ಮೆತ್ತಗೆ, ಇನ್ನೊಂದು ಎರಡು ಸಲ ಒತ್ತಿದರೆ ಮಾತ್ರ ಬರುತ್ತದೆ. ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಗೂ ಅದರದೇ ಸ್ವಿಚ್, ಅದರೊಳಗೆ ಅದರದೇ ಸ್ಪ್ರಿಂಗ್. ಜರ್ಮನಿಯ ಚೆರ್ರಿ ಕಂಪನಿಯ ಎಂಎಕ್ಸ್ ರೆಡ್ ಸ್ವಿಚ್ಚನ್ನೇ ತಗೊಳ್ಳಿ: ಕೀ ಒಟ್ಟು 4 ಮಿಲಿಮೀಟರ್ ಇಳಿಯುತ್ತದೆ, ಆದರೆ 2 ಮಿಲಿಮೀಟರ್ ಇಳಿಯುವಷ್ಟರಲ್ಲೇ ಅಕ್ಷರ ಬಿದ್ದಾಗಿರುತ್ತದೆ. ತಳಕ್ಕೆ ಗುದ್ದುವ ಅಗತ್ಯ ಇಲ್ಲ. ಹಾಗಂತ ಕೊಂಡ ದಿನವೇ ಯಾರೂ ಮೆಲ್ಲಗೆ ಒತ್ತುವುದಿಲ್ಲ, ಹಳೆಯ ಕೀಬೋರ್ಡ್ ಕಲಿಸಿದ ಗುದ್ದು ಬಿಡಲು ಸಮಯ ಬೇಕು. ಕೆಲವರು ಕೊನೆಯವರೆಗೂ ಬಿಡುವುದಿಲ್ಲ, ಅವರಿಗೂ ಪ್ರತಿ ಕೀ ಒಂದೇ ಥರ ಏಳುವ ಬೀಳುವ ಲಾಭ ಇದ್ದೇ ಇದೆ.

ಚೆರ್ರಿಯ ಈ ಎಂಎಕ್ಸ್ ಸ್ವಿಚ್ಚುಗಳು 1980ರ ದಶಕದಿಂದ ಇವೆ. ಚೆರ್ರಿಯ ಪೇಟೆಂಟ್ ಮುಗಿದ ಮೇಲೆ ಗೇಟೆರಾನ್, ಕೈಲ್, ಔಟೆಮು ಥರದ ಚೀನಾ ಕಂಪನಿಗಳು ಅದೇ ಅಳತೆಯ ಸ್ವಿಚ್ಚುಗಳನ್ನು ರಾಶಿಗಟ್ಟಲೆ ಮಾಡತೊಡಗಿದವು. ಬೆಲೆ ಇಳಿದದ್ದು ಅದರಿಂದಲೇ. ಅವು ಕೀಳು ಅಂತ ತಿಳಿಯಬೇಡಿ, ಎಷ್ಟೋ ಸ್ವಿಚ್ಚುಗಳು ಮೂಲದ್ದಕ್ಕಿಂತ ನುಣುಪಾಗಿವೆ.

ಈಗ ಶಬ್ದದ ವಿಷಯ. ಆಫೀಸಿಗೆ ಆರಿಸುವಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಇದನ್ನೇ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಸ್ವಿಚ್ಚಿನ ಬಗೆಗಳನ್ನು ಬ್ಲೂ, ರೆಡ್, ಬ್ರೌನ್ ಅಂತ ಬಣ್ಣದ ಹೆಸರಿನಿಂದ ಕರೆಯುತ್ತಾರೆ. ಬ್ಲೂ ಸ್ವಿಚ್ ಒತ್ತಿದಾಗ ಒಳಗಿನ ಒಂದು ಸಣ್ಣ ತುಂಡು ಜಾರಿ ಟಿಕ್ ಅನ್ನುತ್ತದೆ. ಬೇಕೆಂದೇ ಮಾಡಿದ ಶಬ್ದ ಅದು, ನೀವೆಷ್ಟು ಮೆಲ್ಲಗೆ ಒತ್ತಿದರೂ ಹೋಗುವುದಿಲ್ಲ. ಅಂಗಡಿಯಲ್ಲಿ ಒಂದು ನಿಮಿಷ ಒತ್ತಿ ನೋಡಿದಾಗ ಮಜಾ ಅನ್ನಿಸುತ್ತದೆ. ಆದರೆ ನಮ್ಮ ಆಫೀಸುಗಳು ಹೇಗಿವೆ ನೋಡಿ. ಒಂದೇ ಹಾಲ್, ಅಡ್ಡಗೋಡೆ ಇಲ್ಲ, ಎಡಕ್ಕೊಬ್ಬರು, ಬಲಕ್ಕೊಬ್ಬರು, ಎದುರಿಗೊಬ್ಬರು. ಯಾರೋ ಫೋನಿನಲ್ಲಿ ಕಸ್ಟಮರ್ ಜೊತೆ ಮಾತಾಡುತ್ತಿರುತ್ತಾರೆ, ಯಾರೋ ತಲೆನೋವು ಇಟ್ಟುಕೊಂಡೇ ಲೆಕ್ಕ ಟ್ಯಾಲಿ ಮಾಡುತ್ತಿರುತ್ತಾರೆ. ನಮ್ಮ ಜನ ಮುಖ ನೋಡಿ ಸುಮ್ಮನಾಗುವವರು, ನಿಮ್ಮ ಕೀಬೋರ್ಡ್ ಸದ್ದು ತೊಂದರೆ ಆಗುತ್ತಿದೆ ಸಾರ್ ಅಂತ ಬಾಯಿಬಿಟ್ಟು ಹೇಳುವವರು ಕಡಿಮೆ. ಹೇಳಲಿಲ್ಲ ಅಂದ ಮಾತ್ರಕ್ಕೆ ತೊಂದರೆ ಇಲ್ಲ ಅಂತ ಅರ್ಥ ಅಲ್ಲ. ಹಂಚಿಕೊಂಡ ಜಾಗದಲ್ಲಿ ಬ್ಲೂ ಬೇಡ, ದಯವಿಟ್ಟು ಬೇಡ.

ಹಾಗಾದರೆ ಯಾವುದು? ರೆಡ್ ಅಂದರೆ ಯಾವ ತಡೆಯೂ ಇಲ್ಲದೆ ನೇರ ಕೆಳಗಿಳಿಯುವುದು, ಅಕ್ಷರ ಬೀಳಲು ಸುಮಾರು 45 ಗ್ರಾಂ ಒತ್ತಡ ಸಾಕು. ಬ್ರೌನ್‌ನಲ್ಲಿ ನಡುವೆ ಒಂದು ಸಣ್ಣ ಉಬ್ಬು ಸಿಗುತ್ತದೆ, ಅಕ್ಷರ ಬಿತ್ತು ಎಂದು ಬೆರಳಿಗೆ ತಿಳಿಯುತ್ತದೆ, ಟಿಕ್ ಅನ್ನುವುದಿಲ್ಲ. ಬ್ಲ್ಯಾಕ್ ಕೂಡ ರೆಡ್ ಥರವೇ, ಆದರೆ ಗಟ್ಟಿ, ಸುಮಾರು 60 ಗ್ರಾಂ. ಕೀಬೋರ್ಡ್ ಹುಚ್ಚಿರುವವರು ಬ್ರೌನ್ ಅಂದರೆ ಮೂಗು ಮುರಿಯುತ್ತಾರೆ, ಉಬ್ಬು ಇದ್ದೂ ಇಲ್ಲದ ಹಾಗಿದೆ ಎನ್ನುವುದು ಅವರ ತಕರಾರು. ನನಗೆ ಅದೇ ಅದರ ಗುಣವಾಗಿ ಕಾಣುತ್ತದೆ. ದಿನಕ್ಕೆ ಸಾವಿರಾರು ಸಲ ದಾಟಬೇಕಾದ ಉಬ್ಬು ಸಣ್ಣದಾಗಿಯೇ ಇರಲಿ. ರಬ್ಬರ್ ಕೀಬೋರ್ಡಿನಿಂದ ಬರುವವರಿಗೆ ಬ್ರೌನ್ ಬೇಗ ಒಗ್ಗುತ್ತದೆ. ಬೆರಳನ್ನು ಕೀ ಮೇಲೆ ಭಾರ ಬಿಟ್ಟು ಇಡುವ ಅಭ್ಯಾಸ ಇದ್ದರೆ ರೆಡ್‌ನಲ್ಲಿ ಬೇಡದ ಅಕ್ಷರ ಬೀಳುವುದು ಜಾಸ್ತಿ, ಅಂಥವರಿಗೂ ಬ್ರೌನ್ ವಾಸಿ.

ತುಂಬಾ ಹತ್ತಿರ ಹತ್ತಿರ ಕೂರುವ ಆಫೀಸಾದರೆ ಸೈಲೆಂಟ್ ಸ್ವಿಚ್ಚುಗಳನ್ನು ಹುಡುಕಿ. ಅವುಗಳೊಳಗೆ ಕೀ ತಳಕ್ಕೆ ತಾಗುವ ಕಡೆ ಮತ್ತು ವಾಪಸ್ ಬಂದು ಮೇಲೆ ತಾಗುವ ಕಡೆ ಪುಟ್ಟ ರಬ್ಬರ್ ತುಂಡು ಇಟ್ಟಿರುತ್ತಾರೆ. ಸಾಮಾನ್ಯ ಕೀಬೋರ್ಡಿಗಿಂತಲೂ ಮೆತ್ತಗಿನ ಸದ್ದು ಬರುವಂಥವು ಇವೆ. ತಳದಲ್ಲಿ ಸ್ವಲ್ಪ ಮೆದು ಅನ್ನಿಸುತ್ತದೆ, ಅದು ಕೆಲವರಿಗೆ ಇಷ್ಟ ಆಗುವುದಿಲ್ಲ, ನನಗೆ ಇಷ್ಟ. ಇನ್ನೊಂದು ಮಾತು: ಸ್ವಿಚ್ ಎಷ್ಟೇ ಸದ್ದಿಲ್ಲದ್ದಾದರೂ ಸ್ಪೇಸ್, ಎಂಟರ್, ಶಿಫ್ಟ್, ಬ್ಯಾಕ್‌ಸ್ಪೇಸ್ ಕೆಳಗಿನ ತಂತಿ ಗಲಗಲ ಅಂದರೆ ಎಲ್ಲಾ ಹಾಳು. ಉದ್ದ ಕೀಗಳು ವಾಲದ ಹಾಗೆ ಹಿಡಿಯುವ ಆ ತಂತಿಗೆ ಸ್ಟೆಬಿಲೈಸರ್ ಅಂತಾರೆ. ಫ್ಯಾಕ್ಟರಿಯಲ್ಲೇ ಅದಕ್ಕೆ ಗ್ರೀಸ್ ಹಚ್ಚಿರುವ ಕೀಬೋರ್ಡ್ ಆರಿಸಿ. ಕೆಳಗೊಂದು ದಪ್ಪ ಡೆಸ್ಕ್ ಮ್ಯಾಟ್ ಹಾಸಿದರೆ ಮೇಜು ಗುಂಯ್ ಅನ್ನುವುದೂ ನಿಲ್ಲುತ್ತದೆ.

ಇಲ್ಲಿಂದ ಮುಂದಿನದು ಕನ್ನಡ ಟೈಪ್ ಮಾಡುವವರಿಗೆ, ಇದನ್ನು ಯಾವ ರಿವ್ಯೂನಲ್ಲೂ ಯಾರೂ ಹೇಳುವುದಿಲ್ಲ. ರಿವ್ಯೂ ಮಾಡುವವರೆಲ್ಲ ಇಂಗ್ಲಿಷ್ ಟೈಪ್ ಮಾಡಿ ನೋಡುತ್ತಾರೆ. ನಾವು ನುಡಿ ಸಾಫ್ಟ್‌ವೇರ್‌ನಲ್ಲಿ, ಅಂದರೆ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸದಲ್ಲಿ ಟೈಪ್ ಮಾಡುವಾಗ ಕೈಯ ಕೆಲಸವೇ ಬೇರೆ. ಒತ್ತಕ್ಷರ ಬೇಕಾದಾಗಲೆಲ್ಲ ಎಫ್ ಒತ್ತಬೇಕು. ಮಹಾಪ್ರಾಣಕ್ಕೆ, ದೀರ್ಘಕ್ಕೆ, ಸೊನ್ನೆಗೆ ಶಿಫ್ಟ್ ಬೇಕು. ಸ್ವಾತಂತ್ರ್ಯ ಅನ್ನುವ ಒಂದು ಪದ ನೋಡಿ. ಎಸ್, ಎಫ್, ವಿ, ಶಿಫ್ಟ್ ಹಿಡಿದು ಎ, ಟಿ, ಶಿಫ್ಟ್ ಹಿಡಿದು ಎಂ, ಟಿ, ಎಫ್, ಆರ್, ಎಫ್, ವೈ. ಒಂದೇ ಪದದಲ್ಲಿ ಎಫ್ ಮೂರು ಸಲ, ಶಿಫ್ಟ್ ಎರಡು ಸಲ. ಇಂಗ್ಲಿಷ್‌ನಲ್ಲಿ ಶಿಫ್ಟ್ ಬೇಕಾಗುವುದು ವಾಕ್ಯದ ಶುರುವಿಗೆ, ಹೆಸರಿಗೆ, ಅಷ್ಟಕ್ಕೇ ತಾನೇ. ನಮಗೆ ಹೆಚ್ಚುಕಡಿಮೆ ಪ್ರತಿ ಪದಕ್ಕೂ ಬೇಕು. ಆ ಕೆಲಸ ಬೀಳುವುದು ಕೈಯಲ್ಲಿ ಎಲ್ಲಕ್ಕಿಂತ ದುರ್ಬಲವಾದ ಕಿರುಬೆರಳಿಗೆ.

ಆದ್ದರಿಂದ ಕನ್ನಡ ಜಾಸ್ತಿ ಟೈಪ್ ಮಾಡುವವರು ಗಟ್ಟಿ ಸ್ಪ್ರಿಂಗ್ ಇರುವ ಸ್ವಿಚ್ ತಗೊಳ್ಳಬೇಡಿ. 45ರಿಂದ 50 ಗ್ರಾಂ ಆಸುಪಾಸು ಸಾಕು. ಎರಡೂ ಕಡೆಯ ಶಿಫ್ಟ್ ಪೂರ್ತಿ ಉದ್ದ ಇರಬೇಕು. ಕೆಲವು ಚಿಕ್ಕ ಕೀಬೋರ್ಡುಗಳಲ್ಲಿ ಬಾಣದ ಕೀಗಳನ್ನು ತುರುಕಲು ಬಲಗಡೆಯ ಶಿಫ್ಟನ್ನು ಮೊಟಕು ಮಾಡಿರುತ್ತಾರೆ. ಅಂಥದ್ದರಲ್ಲಿ ಆ ಅಂದರೆ ದೀರ್ಘ ಹಾಕಲು ಹೋದಾಗ ಬಲಗೈ ಕಿರುಬೆರಳು ಮೇಲಿನ ಬಾಣಕ್ಕೆ ಬೀಳುತ್ತದೆ, ಕರ್ಸರ್ ಹಿಂದಿನ ಸಾಲಿಗೆ ಹಾರುತ್ತದೆ. ಎಫ್ ಮತ್ತು ಜೆ ಮೇಲಿನ ಸಣ್ಣ ಗೀರು ಬೆರಳಿಗೆ ಚೆನ್ನಾಗಿ ಸಿಗಬೇಕು. ಕೀ ಮೇಲಿನ ಟೋಪಿಗಳು, ಅಂದರೆ ಕೀಕ್ಯಾಪ್, ಪಿಬಿಟಿ ಪ್ಲಾಸ್ಟಿಕ್‌ನದ್ದಿರಲಿ. ಎಬಿಎಸ್ ಆದರೆ ಬೇಗ ಸವೆದು ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ ಆಗುತ್ತದೆ, ನಮ್ಮಲ್ಲಿ ಮೊದಲು ಮಿರುಗುವುದು ಎಫ್ ಮತ್ತು ಶಿಫ್ಟ್. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ಕೀಲಿ ವಿನ್ಯಾಸ ಬಳಸುವವರಿಗೆ ಒತ್ತಕ್ಷರ ಡಿ ಕೀಯಲ್ಲಿದೆ, ಶಿಫ್ಟ್ ಕಾಟ ಅಲ್ಲೂ ಇದೆ. ಕೀ ಮೇಲೆ ಕನ್ನಡ ಅಕ್ಷರ ಅಚ್ಚಾಗಿರಬೇಕಾ ಎಂದು ಕೆಲವರು ಕೇಳುತ್ತಾರೆ. ಬೇಡ. ಅಕ್ಷರ ಬದಲಿಸುವುದು ಕಂಪ್ಯೂಟರ್ ಒಳಗಿನ ಸಾಫ್ಟ್‌ವೇರ್, ಯಾವ ಕೀಬೋರ್ಡಿನಲ್ಲಾದರೂ ಕನ್ನಡ ಬರುತ್ತದೆ.

ಸೈಜಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಕೌಂಟ್ಸ್, ಬಿಲ್ಲಿಂಗ್, ಡೇಟಾ ಎಂಟ್ರಿ ಆದರೆ ಬಲಗಡೆ ನಂಬರ್ ಪ್ಯಾಡ್ ಇರುವ 104 ಕೀಗಳದ್ದು ಬೇಕೇ ಬೇಕು. ಅಂಕಿ ಕಡಿಮೆ, ಅಕ್ಷರ ಜಾಸ್ತಿ ಅನ್ನುವವರಿಗೆ ನಂಬರ್ ಪ್ಯಾಡ್ ಇಲ್ಲದ 87 ಕೀಗಳದ್ದು ಒಳ್ಳೆಯದು, ಮೌಸ್ ಹತ್ತಿರ ಬರುತ್ತದೆ, ಬಲ ಭುಜ ಹೊರಗೆ ಚಾಚುವುದು ತಪ್ಪುತ್ತದೆ. 60 ಪರ್ಸೆಂಟ್ ಅನ್ನುವ ಪುಟಾಣಿಗಳಲ್ಲಿ ಬಾಣವೂ ಇಲ್ಲ, ಮೇಲಿನ ಎಫ್1, ಎಫ್2 ಸಾಲೂ ಇಲ್ಲ. ಎಕ್ಸೆಲ್‌ನಲ್ಲಿ ಎಫ್2, ಎಫ್4 ಇಲ್ಲದೆ ಒಂದು ದಿನ ಕೆಲಸ ಮಾಡಿ ನೋಡಿ, ಗೊತ್ತಾಗುತ್ತದೆ. ಮೇಜಿನ ಮೇಲೆ ನೋಡಲು ಚೆಂದ, ಆಫೀಸಿಗೆ ಬೇಡ.

ಎತ್ತರದ ಬಗ್ಗೆ ಮಾತ್ರ ಗಮನ ಇರಲಿ. ಮೆಕ್ಯಾನಿಕಲ್ ಕೀಬೋರ್ಡುಗಳು ದಪ್ಪ. ನಮ್ಮ ಆಫೀಸಿನ ಮೇಜುಗಳೋ, ಸ್ವಲ್ಪ ಕುಳ್ಳಗಿರುವವರಿಗೆ, ಅದರಲ್ಲೂ ಎಷ್ಟೋ ಹೆಣ್ಣುಮಕ್ಕಳಿಗೆ ಮೊದಲೇ ಎತ್ತರ. ಅದರ ಮೇಲೆ ದಪ್ಪ ಕೀಬೋರ್ಡ್ ಇಟ್ಟು, ಹಿಂದಿನ ಕಾಲುಗಳನ್ನೂ ಬಿಡಿಸಿದರೆ ಮಣಿಕಟ್ಟು ಮೇಲಕ್ಕೆ ಬಾಗಿಯೇ ಇರುತ್ತದೆ. ಕಾಲು ಮಡಚಿಡಿ. ಕುರ್ಚಿ ಏರಿಸಿ, ಪಾದ ನೆಲಕ್ಕೆ ಎಟುಕದಿದ್ದರೆ ಕೆಳಗೆ ಏನಾದರೂ ಇಟ್ಟುಕೊಳ್ಳಿ. ಇಲ್ಲವಾದರೆ ಲೋ ಪ್ರೊಫೈಲ್ ಅನ್ನುವ ತೆಳು ಕೀಬೋರ್ಡ್ ಸಿಗುತ್ತದೆ, ಅದರಲ್ಲಿ ಕೀ ಸುಮಾರು 3 ಮಿಲಿಮೀಟರ್ ಮಾತ್ರ ಇಳಿಯುತ್ತದೆ. ಮಣಿಕಟ್ಟು ಈಗಾಗಲೇ ನೋಯುತ್ತಿದ್ದರೆ ಡಾಕ್ಟರ್ ಹತ್ತಿರ ಹೋಗಿ, ಯಾವ ಸ್ವಿಚ್ಚೂ ಅದಕ್ಕೆ ಔಷಧಿ ಅಲ್ಲ.

ಟಿವಿಎಸ್ ಗೋಲ್ಡ್ ತಗೋಬಹುದಾ ಅನ್ನುವ ಪ್ರಶ್ನೆ ಯಾವಾಗಲೂ ಬರುತ್ತದೆ. ಮೆಕ್ಯಾನಿಕಲ್ ಅನ್ನುವ ಹೆಸರೇ ಗೊತ್ತಿಲ್ಲದ ಕಾಲದಿಂದಲೂ ನಮ್ಮ ಬ್ಯಾಂಕುಗಳಲ್ಲಿ, ಬಿಲ್ಲಿಂಗ್ ಕೌಂಟರ್‌ಗಳಲ್ಲಿ, ಡಿಟಿಪಿ ಸೆಂಟರ್‌ಗಳಲ್ಲಿ ದುಡಿದ ಕೀಬೋರ್ಡ್ ಅದು. ಹಳೆಯವುಗಳಲ್ಲಿ ಚೆರ್ರಿ ಬ್ಲೂ ಸ್ವಿಚ್ಚೇ ಇತ್ತು. ನನಗೆ ಅದರ ಬಗ್ಗೆ ಗೌರವ ಇದೆ. ಗಿರಾಕಿಗಳ ಗದ್ದಲ ಇರುವ ಕೌಂಟರಿಗೆ, ಕಾಗದ ನೋಡುತ್ತಾ ಟೈಪ್ ಮಾಡುವವರಿಗೆ ಈಗಲೂ ಸರಿಯಾದದ್ದೇ, ಟಿಕ್ ಅಂದರೆ ಅಂಕಿ ಬಿತ್ತು ಅಂತ ಸ್ಕ್ರೀನ್ ನೋಡದೆ ಗೊತ್ತಾಗುತ್ತದೆ. ಆದರೆ ನಾಲ್ಕು ಜನ ಒಟ್ಟಿಗೆ ಕೂರುವ ಸದ್ದಿಲ್ಲದ ರೂಮಿಗೆ ಬೇಡ. ಸ್ವಿಚ್ಚುಗಳನ್ನು ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ, ಒಂದು ಕೆಟ್ಟರೆ ಸೋಲ್ಡರಿಂಗ್ ಗೊತ್ತಿರುವವರೇ ಬೇಕು.

ಈಗ ಹಾಟ್ ಸ್ವಾಪ್ ಅನ್ನುವ ಬೋರ್ಡುಗಳು ಕಡಿಮೆ ಬೆಲೆಗೇ ಬಂದಿವೆ. ಸ್ವಿಚ್ಚನ್ನು ಚಿಮಟದಲ್ಲಿ ಕಿತ್ತು ಬೇರೆಯದ್ದು ಚುಚ್ಚಿದರೆ ಮುಗಿಯಿತು. ನಾನು ಯಾರಿಗಾದರೂ ಒಂದೇ ಒಂದು ಸೌಲಭ್ಯ ನೋಡಿ ಕೊಳ್ಳಿ ಅಂತ ಹೇಳಬೇಕಾದರೆ ಇದನ್ನೇ ಹೇಳುತ್ತೇನೆ. ಎಫ್ ಸವೆದರೆ ಎಫ್ ಒಂದನ್ನೇ ಬದಲಿಸಬಹುದು. ಬ್ರೌನ್ ಹಿಡಿಸದಿದ್ದರೆ ಸೈಲೆಂಟ್ ಹಾಕಬಹುದು. ಕಿರುಬೆರಳಿನ ಕೀಗಳಿಗಷ್ಟೇ ಹಗುರ ಸ್ವಿಚ್ ಹಾಕಿ, ಉಳಿದದ್ದು ಹಾಗೇ ಬಿಡಬಹುದು. ಅಡಿಯಲ್ಲಿ ಮೂರು ಪಿನ್ ಇರುವುದು, ಐದು ಪಿನ್ ಇರುವುದು ಎರಡೂ ಥರದ ಸ್ವಿಚ್ ಕೂರುತ್ತದಾ ಅಂತ ಮಾತ್ರ ಕೇಳಿಕೊಳ್ಳಿ.

ವೈರ್‌ಲೆಸ್ ಬೇಕಾ? ಎಷ್ಟೋ ಬ್ಯಾಂಕು, ಐಟಿ ಕಂಪನಿಗಳಲ್ಲಿ ಬ್ಲೂಟೂತ್ ಬಂದ್ ಮಾಡಿರುತ್ತಾರೆ, ಕೆಲವು ಕಡೆ ಹೊರಗಿನ ಯುಎಸ್‌ಬಿ ವಸ್ತು ಒಳಗೆ ತರಲೂ ಬಿಡುವುದಿಲ್ಲ. ಕೊಳ್ಳುವ ಮೊದಲು ಸಿಸ್ಟಂ ಅಡ್ಮಿನ್ ಹತ್ತಿರ ಒಂದು ಮಾತು ಕೇಳಿ. ನನ್ನ ಆಯ್ಕೆ ವೈರ್ ಇರುವುದೇ, ಕೇಬಲ್ ಬಿಚ್ಚಿ ಬದಲಿಸಲು ಬರುವ ಟೈಪ್ ಸಿ ಇದ್ದರೆ ಸಾಕು. ಬಣ್ಣದ ಲೈಟು ಕೆಲಸಕ್ಕೆ ಬಾರದ ವಿಷಯ.

ಆನ್‌ಲೈನ್‌ನಲ್ಲಿ ಮೆಕ್ಯಾನಿಕಲ್ ಫೀಲ್, ಸೆಮಿ ಮೆಕ್ಯಾನಿಕಲ್ ಎಂದು ಬರೆದು ಸಾವಿರ ರೂಪಾಯಿಯೊಳಗೆ ಮಾರುವವು ಇವೆಯಲ್ಲ, ಅವೆಲ್ಲ ಒಳಗೆ ಅದೇ ರಬ್ಬರ್ ಹಾಳೆ. ಸ್ವಿಚ್ಚಿನ ಹೆಸರು ಬರೆದಿಲ್ಲ ಅಂದರೆ ಮುಟ್ಟಬೇಡಿ. ಸುಮಾರು 2,500ರಿಂದ 4,000 ರೂಪಾಯಿಗೆ ಹಾಟ್ ಸ್ವಾಪ್ ಇರುವ ಗಟ್ಟಿಮುಟ್ಟಾದ ಕೀಬೋರ್ಡ್ ಸಿಗುತ್ತದೆ, ಆಫೀಸಿಗೆ ಅಷ್ಟು ಸಾಕು. ಕೀಕ್ರಾನ್ ಥರದ ಕಂಪನಿಯದ್ದಕ್ಕೆ ಅದರ ದುಪ್ಪಟ್ಟೋ ಇನ್ನೂ ಜಾಸ್ತಿಯೋ ಕೊಟ್ಟರೆ ಬಾಡಿ ಚೆನ್ನಾಗಿರುತ್ತದೆ, ಸದ್ದು ಚೆನ್ನಾಗಿರುತ್ತದೆ, ಆದರೆ ಟೈಪಿಂಗ್ ದುಪ್ಪಟ್ಟು ಹಗುರ ಆಗುವುದಿಲ್ಲ. ಚಪ್ಪಲಿಯನ್ನು ಕಾಲಿಗೆ ಹಾಕಿ ನೋಡದೆ ಕೊಳ್ಳುವುದಿಲ್ಲ ಅಲ್ವಾ, ಇದನ್ನೂ ಸಾಧ್ಯವಾದರೆ ಒತ್ತಿ ನೋಡಿ. ಬೆಂಗಳೂರಿನಲ್ಲಿದ್ದರೆ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಕೇಳಿ ನೋಡಿ. ಬೇರೆ ಊರಿನವರು ವಾಪಸ್ ಮಾಡುವ ಅವಕಾಶ ಇರುವ ಕಡೆ ತರಿಸಿ, ಮೊದಲ ದಿನವೇ ಒಂದು ಪುಟ ಕನ್ನಡ ಟೈಪ್ ಮಾಡಿ, ಇಂಗ್ಲಿಷ್ ಅಲ್ಲ.

ಆಫೀಸಿಗೆ ಸಾಮಾನು ತರಿಸುವ ಜವಾಬ್ದಾರಿ ಇರುವವರು ಇದನ್ನು ಓದುತ್ತಿದ್ದರೆ ಒಂದು ಲೆಕ್ಕ ಹೇಳುತ್ತೇನೆ. 3,500 ರೂಪಾಯಿಯ ಕೀಬೋರ್ಡ್ ಐದು ವರ್ಷ ಬಂದರೂ ತಿಂಗಳಿಗೆ 60 ರೂಪಾಯಿ ಬೀಳುವುದಿಲ್ಲ. ಇಂಡೆಂಟ್‌ನಲ್ಲಿ ಬರೀ ಕೀಬೋರ್ಡ್ ಅಂತ ಬರೆದರೆ ಸಪ್ಲೈ ಮಾಡುವವರು ಎಲ್ಲಕ್ಕಿಂತ ಅಗ್ಗದ್ದನ್ನೇ ತಂದುಕೊಡುತ್ತಾರೆ. ಮೆಕ್ಯಾನಿಕಲ್, ಬ್ರೌನ್ ಅಥವಾ ಸೈಲೆಂಟ್ ಸ್ವಿಚ್, ಹಾಟ್ ಸ್ವಾಪ್, 104 ಕೀ, ಪಿಬಿಟಿ ಕೀಕ್ಯಾಪ್, ಯುಎಸ್‌ಬಿ ವೈರ್ ಎಂದು ಬಿಡಿಸಿ ಬರೆಯಿರಿ. ಅದಕ್ಕೂ ಮೊದಲು ಆ ಸೀಟಿನಲ್ಲಿ ಕೂರುವವರನ್ನು ಕರೆದು ನಂಬರ್ ಪ್ಯಾಡ್ ಬೇಕಾ ಬೇಡ್ವಾ ಅಂತ ಕೇಳಿ. ಡಿಟಿಪಿ, ಕೋರ್ಟು, ಪಂಚಾಯಿತಿ ಆಫೀಸುಗಳಲ್ಲಿ ಈಗಾಗಲೇ ಮೆಕ್ಯಾನಿಕಲ್ ಬಳಸುತ್ತಿರುವವರು ಯಾವ ಮಾಡೆಲ್, ಯಾವ ಸ್ವಿಚ್, ಎಷ್ಟು ವರ್ಷ ಬಂತು ಎಂದು ಕೆಳಗೆ ಬರೆಯಿರಿ, ಕೊಳ್ಳಬೇಕು ಅಂತಿರುವವರಿಗೆ ಉಪಯೋಗಕ್ಕೆ ಬರುತ್ತದೆ.